ಕಾರ್ತಿಕದ ಕತ್ತಲೆಯಲ್ಲಿ ಸಂಜೆಯ ನಡಿಗೆ



ಸಂಜೆಯ ಹೊತ್ತು ಮನೆಯಿಂದ ಹೊರಟು ಒಂದೆರಡು ಮೈಲಿ ನಡೆದು ಬರುವ ಅಭ್ಯಾಸವನ್ನು ಪ್ರಾರಂಭಿಸುವುದು ಬೆಂಗಳೂರಿನವರಿಗೆ ಕಷ್ಟವಲ್ಲ. ಯುಗಾದಿ ಕಳೆದ ಮೇಲೆ ಹೊತ್ತು ನಿಧಾನವಾಗಿ ಮುಳುಗುತ್ತದೆ. ಬಿಸಿಲಿನ ಕಾವು ಗೋಡೆಗಳಲ್ಲಿ ನಿಂತು ಮನೆಯೊಳಗೆ ಕುಳಿತಿರುವುದೇ ಬೇಸರವಾಗುತ್ತದೆ. ಆಗ ಬಸವನಗುಡಿಯವರು ಬ್ಯೂಗಲ್ ರಾಕ್‌ನ ಕಡೆಗೂ, ಮಲ್ಲೇಶ್ವರದವರು ಸ್ಯಾಂಕಿ ಕೆರೆಯ ಏರಿಯ ಕಡೆಗೂ ತಾವಾಗಿಯೇ ಹೆಜ್ಜೆ ಹಾಕುತ್ತಾರೆ. ಈ ಅಭ್ಯಾಸದ ಪರೀಕ್ಷೆ ನಡೆಯುವುದು ಚೈತ್ರ ವೈಶಾಖಗಳಲ್ಲಲ್ಲ, ಆಶ್ವಯುಜ ಕಾರ್ತಿಕಗಳಲ್ಲಿ. ನವರಾತ್ರಿಯ ಬೊಂಬೆಗಳನ್ನು ಇಳಿಸುವ ವೇಳೆಗೆ ನಡೆಯುವವರ ಗುಂಪು ತೆಳುವಾಗಿರುತ್ತದೆ. ದೀಪಾವಳಿಯ ವೇಳೆಗೆ ಕಲ್ಲುಬೆಂಚುಗಳು ಬರಿದಾಗಿರುತ್ತವೆ. ಮತ್ತೆ ಬೆಳಕು ಬಂದಾಗ ಬಿಟ್ಟವರಲ್ಲಿ ಕೆಲವರು ಬರುತ್ತಾರೆ. ಕೆಲವರು ಬರುವುದೇ ಇಲ್ಲ. ಈ ಬರದವರ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಇಂದಿನ ಮಾತುಗಳನ್ನು ಆಡುತ್ತಿದ್ದೇನೆ.

ಮೊದಲು ಕತ್ತಲೆಯ ಲೆಕ್ಕವನ್ನು ನೋಡೋಣ. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಇಲ್ಲಿ ಜುಲೈ ತಿಂಗಳ ಮೊದಲ ವಾರದಲ್ಲಿ ಸೂರ್ಯನು ಸುಮಾರು 6 ಗಂಟೆ 50 ನಿಮಿಷಕ್ಕೆ ಮುಳುಗುತ್ತಾನೆ. ನವೆಂಬರ್ ಮೂರನೆಯ ವಾರದಲ್ಲಿ ಸುಮಾರು 5 ಗಂಟೆ 50 ನಿಮಿಷಕ್ಕೆ. ನಾವು ಕಳೆದುಕೊಳ್ಳುವುದು ಒಟ್ಟು ಒಂದು ಗಂಟೆ ಮಾತ್ರ. ಲಂಡನ್ ನಗರದಲ್ಲಿ ಡಿಸೆಂಬರ್ ನಡುವೆ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯಾಸ್ತವಾಗುವುದನ್ನು ನೆನೆದರೆ ನಮ್ಮ ನಷ್ಟ ಅಲ್ಪವೆಂದೇ ತೋರುತ್ತದೆ. ಆದರೆ ಎರಡು ಸಂಗತಿಗಳು ಈ ಅಲ್ಪ ನಷ್ಟವನ್ನು ದೊಡ್ಡದಾಗಿ ಮಾಡುತ್ತವೆ. ಮೊದಲನೆಯದು, ಈ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗಿನ ಎರಡೇ ತಿಂಗಳಲ್ಲಿ ಇಳಿದುಹೋಗುತ್ತದೆ. ಎರಡನೆಯದು, ನಮ್ಮಲ್ಲಿ ಸಂಧ್ಯಾಕಾಲ ಬಹಳ ಚಿಕ್ಕದು. ಸೂರ್ಯನು ಇಲ್ಲಿ ಹೆಚ್ಚು ಕಡಮೆ ನೆಟ್ಟಗೆ ಇಳಿಯುವುದರಿಂದ, ಅವನು ಮುಳುಗಿದ ಮೇಲೆ ದೀಪವಿಲ್ಲದೆ ದಾರಿ ಕಾಣುವ ಬೆಳಕು ಸುಮಾರು 20 ನಿಮಿಷ ಮಾತ್ರ ನಿಲ್ಲುತ್ತದೆ. ಲಂಡನ್ನಿನಲ್ಲಿ ಅವನು ಓರೆಯಾಗಿ ಜಾರುವುದರಿಂದ ಅದೇ ಬೆಳಕು ಅರ್ಧ ಗಂಟೆಗೂ ಮಿಗಿಲಾಗಿ ಉಳಿಯುತ್ತದೆ. ಆದುದರಿಂದ ಆಗಸ್ಟ್ ತಿಂಗಳಲ್ಲಿ ಆರು ಗಂಟೆಗೆ ಹೊರಟು ಹಗಲಿನಲ್ಲಿಯೇ ಹಿಂದಿರುಗುತ್ತಿದ್ದ ಮನುಷ್ಯನು, ನವೆಂಬರಿನಲ್ಲಿ ಅದೇ ಆರು ಗಂಟೆಗೆ ಹೊರಟರೆ ಮೊದಲ ತಿರುವಿನಲ್ಲಿಯೇ ಕತ್ತಲೆಗೆ ಸಿಕ್ಕಿಕೊಳ್ಳುತ್ತಾನೆ.

ಇದರ ಮೇಲೆ ಮಳೆ. ಬೆಂಗಳೂರಿಗೆ ವರ್ಷದಲ್ಲಿ ಅತ್ಯಂತ ಹೆಚ್ಚು ಮಳೆ ಬೀಳುವುದು ಆಷಾಢ ಶ್ರಾವಣಗಳಲ್ಲಲ್ಲ. ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ, ಅದರ ಬೆನ್ನಿಗೆ ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ನಮ್ಮ ರೈತರು ಎಣಿಸುವ ಮಳೆಗಳೆಲ್ಲ ಈ ಎರಡು ತಿಂಗಳನ್ನು ಆವರಿಸಿವೆ. ಹಗಲೆಲ್ಲ ನೆಲ ಕಾದು, ತೇವದ ಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಸಂಜೆ ಸುರಿಯುವುದು ಈ ಮಳೆಗಳ ಪದ್ಧತಿ. ಕವಿ ಕೆ. ಎಸ್. ನಿಸಾರ್ ಅಹಮದ್ ಅವರು 1970ರಲ್ಲಿ ತಮ್ಮ ಒಂದು ಕವನಸಂಗ್ರಹಕ್ಕೆ ‘ಸಂಜೆ ಐದರ ಮಳೆ’ ಎಂದು ಹೆಸರಿಟ್ಟರು. ಈ ಊರಿನಲ್ಲಿ ಕಾಫಿ ಕುಡಿದು ಚಪ್ಪಲಿ ಮೆಟ್ಟುವ ಗಳಿಗೆಯಲ್ಲಿ ಎಷ್ಟು ಮಂದಿ ಆ ಮಳೆಯನ್ನು ನೋಡುತ್ತ ಹೊಸಲಿನ ಮೇಲೆ ನಿಂತಿರುವರೋ!

ಹೀಗೆ ಕತ್ತಲೆಯೂ ಮಳೆಯೂ ಸೇರಿ ನಡಿಗೆಯನ್ನು ತಪ್ಪಿಸುತ್ತವೆ ಎಂಬುದು ಮೇಲ್ನೋಟದ ಉತ್ತರ. ಆದರೆ ನಿಜವಾದ ಕಾರಣ ಇನ್ನೂ ಸ್ವಲ್ಪ ಒಳಗಿದೆಯೆಂದು ನನಗೆ ತೋರುತ್ತದೆ. ಅದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ನಮ್ಮ ಬೀದಿಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ಮೇಷ್ಟರು. ಎಪ್ಪತ್ತು ದಾಟಿದವರು, ಸಂಜೆ ಆರಕ್ಕೆ ಸರಿಯಾಗಿ ಕೋಲು ಹಿಡಿದು ಹೊರಡುವರು. ದೊಡ್ಡ ಬಸವಣ್ಣನ ಗುಡಿಯ ಮುಂದೆ ಹಾದು, ಬಂಡೆಯ ಬಳಿ ಸ್ವಲ್ಪ ಹೊತ್ತು ಕುಳಿತು, ಗಾಂಧಿಬಜಾರಿನಲ್ಲಿ ಅರ್ಧ ಮೊಳ ಹೂವು ಕೊಂಡು ಹಿಂದಿರುಗುವರು. ನಾನು ಅನೇಕ ದಿನ ಅವರ ಜೊತೆಗಾರ. ಕೆಲವು ವರ್ಷಗಳ ಹಿಂದೆ ಒಂದು ಆಶ್ವಯುಜದಲ್ಲಿ ಪರೀಕ್ಷೆಯ ಪತ್ರಿಕೆಗಳ ನೆಪದಿಂದ ನಾನು ನಡಿಗೆಯನ್ನು ಬಿಟ್ಟೆ. ಕತ್ತಲೆಯೂ ಮಳೆಯೂ ಆ ನೆಪಕ್ಕೆ ಸಾಕ್ಷಿ ಹೇಳಿದವು. ಅದೇ ದಿನಗಳಲ್ಲಿ ಒಂದು ಸಂಜೆ ಮೇಷ್ಟರು ಒಬ್ಬರೇ ಹೋಗಿ, ಮೇಲೆದ್ದಿದ್ದ ಒಂದು ಕಲ್ಲುಚಪ್ಪಡಿಯನ್ನು ಕಾಣದೆ ಎಡವಿದರು. ಪೆಟ್ಟು ದೊಡ್ಡದಲ್ಲ; ಮಂಡಿ ತರಚಿತ್ತು, ಅಷ್ಟೆ. ಅದು ವಾರದಲ್ಲಿ ಮಾಯಿತು. ಮಾಯದೆ ಉಳಿದದ್ದು ಅಂಜಿಕೆ. ಅವರು ಹೊರಡುವುದನ್ನು ನಿಲ್ಲಿಸಿದರು. ನಾನೂ ಹೊರಡದೆ ಇದ್ದುದರಿಂದ ಅವರು ನಿಲ್ಲಿಸಿದುದು ನನಗೆ ತಿಳಿಯಲಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೀರಲು ಅವರ ಮನೆಗೆ ಹೋದಾಗ, ಕುರ್ಚಿಯಿಂದ ಏಳುವುದಕ್ಕೆ ಅವರು ಎರಡು ಕೈಗಳನ್ನೂ ಊರುವುದನ್ನು ಕಂಡೆ.

ಮೂರು ತಿಂಗಳಲ್ಲಿ ಇಷ್ಟಾಗುವುದುಂಟೆ ಎಂದು ನೀವು ಕೇಳಬಹುದು. 2007ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಾದ ಕೆಲವು ಮಂದಿ ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿದ್ದರು. ಆ ಹತ್ತು ದಿನಗಳಲ್ಲಿ ಅವರ ಕಾಲುಗಳು ಸುಮಾರು ಒಂದು ಕಿಲೋಗ್ರಾಂ ತೂಕದ ಮಾಂಸಲ ಭಾಗವನ್ನು ಕಳೆದುಕೊಂಡವು. ಮನೆಯಲ್ಲಿ ಕುಳಿತಿರುವುದು ಹಾಸಿಗೆ ಹಿಡಿದಷ್ಟು ಕೆಟ್ಟದ್ದಲ್ಲ. ಆದರೆ ದಾರಿ ಅದೇ. ತರುಣರು ಬಿಟ್ಟ ಅಭ್ಯಾಸವನ್ನು ಮತ್ತೆ ಹಿಡಿಯಬಹುದು. ವಯಸ್ಸಾದವರು ಬಿಟ್ಟಾಗ, ಹಿಡಿಯಬೇಕಾದ ಕೈಯ ಬಲವೇ ಅಷ್ಟರಲ್ಲಿ ಕುಗ್ಗಿರುತ್ತದೆ.

ಇಲ್ಲಿ ಅಭ್ಯಾಸವೆಂಬುದರ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟವಾದ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ, ಹೊಸ ಅಭ್ಯಾಸ ಬೇರೂರುವ ತನಕ ಒಂದು ದಿನವೂ ಅದಕ್ಕೆ ಭಂಗ ಬರಗೊಡಬಾರದೆಂದು ಕಟ್ಟಾಜ್ಞೆ ಮಾಡಿದ್ದಾನೆ. ಈ ಮಾತು ಧೀರರಿಗೆ ಒಳ್ಳೆಯದು. ಹಸ್ತಾ ಮಳೆಯಲ್ಲಿ ಬೆಂಗಳೂರಿನಲ್ಲಿರುವವರಿಗೆ ಅದು ಅಪಾಯಕರ. ಏಕೆಂದರೆ ಒಂದು ದಿನ ತಪ್ಪಿತೆಂದರೆ ವ್ರತಭಂಗವಾಯಿತೆಂದು ನಾವು ಇಡೀ ವ್ರತವನ್ನೇ ಕೈಬಿಡುತ್ತೇವೆ. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿದ ಪರಿಶೀಲನೆಯನ್ನು ಪ್ರಕಟಿಸಿದರು. ಪ್ರತಿಯೊಬ್ಬರೂ ಒಂದು ಹೊಸ ಕೆಲಸವನ್ನು ಆರಿಸಿಕೊಂಡು, ದಿನಚರಿಯಲ್ಲಿ ತಪ್ಪದೆ ಬರುವ ಮತ್ತೊಂದು ಸಂದರ್ಭಕ್ಕೆ ಅದನ್ನು ಕಟ್ಟಿಹಾಕಬೇಕಾಗಿತ್ತು. ಆ ಕೆಲಸ ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾದವು; ಚುರುಕಾದವರಿಗೆ 18 ದಿನ, ನಿಧಾನವಾದವರಿಗೆ 254 ದಿನದ ಅಂದಾಜು. ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲವೆಂಬುದೂ ಕಂಡುಬಂದಿತು. ಇದರಿಂದ ನಮಗೆ ದೊರೆಯುವ ನಿಯಮ ಸುಲಭವಾದದ್ದು: ಒಂದು ದಿನದ ಮಳೆಯನ್ನು ಕ್ಷಮಿಸಿರಿ, ಮರುದಿನ ಮಾತ್ರ ಹೊರಡಿರಿ. ಮಹಾಲಯ ಅಮಾವಾಸ್ಯೆಯಿಂದ ಕಾರ್ತಿಕದ ಅಮಾವಾಸ್ಯೆಗೆ 59 ದಿನ. ಅದಕ್ಕೆ ಒಂದು ವಾರ ಸೇರಿಸಿದರೆ ಆ 66 ದಿನಗಳ ಲೆಕ್ಕ ಮುಗಿಯುತ್ತದೆ.

ಈ ಪರಿಶೀಲನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ‘ಕಟ್ಟಿಹಾಕುವುದು’ ಎಂಬ ಅಂಶ. ನಮ್ಮಲ್ಲಿ ಬಹು ಮಂದಿ ಸಂಜೆಯ ನಡಿಗೆಯನ್ನು ಬೆಳಕೆಂಬ ಗೂಟಕ್ಕೆ ಕಟ್ಟಿರುತ್ತಾರೆ. ‘ಬಿಸಿಲು ಇಳಿದ ಮೇಲೆ, ಕತ್ತಲಾಗುವ ಮುನ್ನ’ ಎಂಬುದೇ ಅವರ ವೇಳೆ. ಶರದೃತುವಿನಲ್ಲಿ ಆ ಗೂಟವೇ ಸರಿಯುತ್ತ ಹೋಗುತ್ತದೆ. ಕೆಲಸದಿಂದ ಮನೆಗೆ ಬರುವುದಕ್ಕೆ ಮೊದಲೇ ಅದು ಕಿತ್ತುಹೋದಾಗ ನಡಿಗೆಗೆ ನಿಲ್ಲಲು ನೆಲೆಯಿಲ್ಲ. ಇದಕ್ಕೆ ಪ್ರತಿಯಾಗಿ ಹೋಗತಕ್ಕ ಒಂದು ಸ್ಥಳವನ್ನೂ ಕಾಯುತ್ತಿರುವ ಒಬ್ಬ ಮನುಷ್ಯನನ್ನೂ ಗೂಟವಾಗಿ ಮಾಡಿಕೊಂಡವನ ನಡಿಗೆ ಋತುವನ್ನು ಕೇಳುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಗವಿಪುರದ ತಮ್ಮ ಮನೆಯಿಂದ ಸಂಜೆ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗುತ್ತಿದ್ದುದನ್ನು ಆ ಕಾಲದವರು ಅನೇಕರು ನೆನೆದಿದ್ದಾರೆ. ಅಲ್ಲಿ ಇಸ್ಪೀಟಿನ ಮೇಜೂ ಗೆಳೆಯರೂ ಅವರಿಗಾಗಿ ಕಾಯುತ್ತಿದ್ದರು. ವ್ಯಾಯಾಮಕ್ಕೆಂದು ಹೊರಡುವವನಿಗೆ ಮೋಡ ಒಂದು ಸಬೂಬು. ಗೆಳೆಯರಿಗೆಂದು ಹೊರಡುವವನಿಗೆ ಅದು ಕೊಡೆ ಹಿಡಿದುಕೊಳ್ಳಲು ಒಂದು ಸೂಚನೆ.

ನಮ್ಮ ಹಳೆಯ ಬಡಾವಣೆಗಳು ಇಂಥ ನಡಿಗೆಗೆ ಒದಗುವಂತೆಯೇ ಹುಟ್ಟಿದವು. ಚಾಮರಾಜಪೇಟೆಯನ್ನು 1892ರಲ್ಲಿ ರೂಪಿಸಿದರು. 1898ರಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನರು ಸಾಯತೊಡಗಿದಾಗ, ಗಾಳಿ ಬೆಳಕುಗಳಿಗೆ ಅವಕಾಶವಿರುವ ವಾಸಸ್ಥಳ ಪ್ರಾಣರಕ್ಷಣೆಯ ಪ್ರಶ್ನೆಯಾಯಿತು. ಬಸವನಗುಡಿ ಮಲ್ಲೇಶ್ವರಗಳು ಬೆಳೆದದ್ದು ಆ ಕಾಲದಲ್ಲಿ. ನೆಟ್ಟನೆಯ ಬೀದಿ, ಅದನ್ನು ಕತ್ತರಿಸುವ ಅಡ್ಡರಸ್ತೆ, ನಡುವೆ ಉದ್ಯಾನ, ಕೂಗಳತೆಯಲ್ಲಿ ದೇವಸ್ಥಾನ ಮತ್ತು ಮಾರುಕಟ್ಟೆ: ಕಾಲಿನಿಂದ ಅಳೆದಂತಿರುವ ಊರು ಇದು. ಕತ್ತಲೆಯ ವಿಷಯದಲ್ಲಿಯೂ ಈ ಊರಿಗೆ ಒಂದು ಹಿರಿಮೆಯುಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುಚ್ಛಕ್ತಿ 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ವಿದ್ಯುದ್ದೀಪದ ಬೀದಿಯನ್ನು ಭಾರತದಲ್ಲಿ ಮೊದಮೊದಲು ಕಂಡವರ ಸಾಲಿನಲ್ಲಿ ನಮ್ಮ ಊರಿನವರು ಸೇರಿದ್ದಾರೆ. ಅಂಥ ಊರಿನಲ್ಲಿ ಕತ್ತಲೆಗೆ ಹೆದರಿ ಒಳಗೆ ಕುಳಿತುಕೊಳ್ಳುವುದು ನಮಗೆ ಅಷ್ಟು ಶೋಭಿಸುವುದಿಲ್ಲ.

ಹೆದರಬಾರದೆಂದರೆ ಎಚ್ಚರ ಬೇಡವೆಂದು ಅರ್ಥವಲ್ಲ. ಬೆಳಕಿನ ಕೋಣೆಯಿಂದ ಹೊರಬಂದ ಕಣ್ಣು ಕತ್ತಲೆಗೆ ಪೂರ್ತಿಯಾಗಿ ಒಗ್ಗಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ವಯಸ್ಸಾದವರಿಗೆ ಇನ್ನೂ ಹೆಚ್ಚು. ಆದಕಾರಣ ಮೊದಲ ಹತ್ತು ನಿಮಿಷ ನಿಧಾನವಾಗಿ, ಚೆನ್ನಾಗಿ ಗೊತ್ತಿರುವ ಬೀದಿಯಲ್ಲಿಯೇ ನಡೆಯುವುದು ಲೇಸು. ಎದುರು ಬರುವ ವಾಹನದ ದೀಪವನ್ನು ದಿಟ್ಟಿಸಬಾರದು. ಒಮ್ಮೆ ಕಣ್ಣು ಕೋರೈಸಿದರೆ ಮುಂದಿನ ಹಳ್ಳ ಕಾಣದು. ಕಾಲುದಾರಿಯಿಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆದರೆ ಆ ಬದಿಯ ವಾಹನಗಳು ಎದುರಿನಿಂದ ಬರುವುದರಿಂದ ಅವು ನಮಗೂ ನಾವು ಅವಕ್ಕೂ ಕಾಣುತ್ತೇವೆ. ಬಟ್ಟೆ ಬಿಳಿಯದಾಗಿರಲಿ, ನಮ್ಮ ಹಿರಿಯರ ಬಿಳಿಯ ಪಂಚೆ ಈ ವಿಷಯದಲ್ಲಿ ಕಪ್ಪು ಷರಾಯಿಗಿಂತ ಎಷ್ಟೋ ಮೇಲು. ಕೈಯಲ್ಲಿ ಒಂದು ಸಣ್ಣ ದೀಪವಿರಲಿ, ಅದರ ಬೆಳಕು ನೆಲದ ಮೇಲಿರಲಿ. ನೀರು ನಿಂತ ಕಡೆ ಕಾಲಿಡಬಾರದು. ಅದರ ಕೆಳಗೆ ಚಪ್ಪಡಿಯಿದೆಯೋ ಇಲ್ಲವೋ ಮೇಲಿನಿಂದ ತಿಳಿಯದು. ಗುಡುಗು ಮಿಂಚು ಇರುವಾಗ ಮರದ ಕೆಳಗೆ ನಿಲ್ಲದೆ ಹತ್ತಿರದ ಅಂಗಡಿಯೊಳಕ್ಕೆ ಹೋಗುವುದು ಬುದ್ಧಿವಂತಿಕೆ. ಉದ್ಯಾನದ ಬಾಗಿಲು ಮುಚ್ಚುವ ವೇಳೆಯಾಯಿತೆಂದು ಕೊರಗದೆ, ಈ ಎರಡು ತಿಂಗಳು ಅಂಗಡಿಬೀದಿಯನ್ನೇ ಉದ್ಯಾನವೆಂದು ತಿಳಿಯಿರಿ.

ಈ ಕೊನೆಯ ಮಾತನ್ನು ನನಗೆ ಕಲಿಸಿದವಳು ನನ್ನ ತಂಗಿ. ಮಲ್ಲೇಶ್ವರದಲ್ಲಿರುವ ಅವಳಿಗೆ ನಾನು ದೀಪ, ಕೋಲು, ಬಿಳಿಯ ಬಟ್ಟೆ ಎಂದು ಉಪದೇಶ ಮಾಡುತ್ತಿದ್ದಾಗ ಅವಳು, “ಅಣ್ಣಾ, ನಿನಗೆ ಕತ್ತಲೆಯೆಂದರೆ ದಾರಿ ಕಾಣುವುದೋ ಇಲ್ಲವೋ ಎಂಬ ಚಿಂತೆ, ನನಗೆ ದಾರಿಯಲ್ಲಿ ಯಾರಿದ್ದಾರೆ ಎಂಬ ಚಿಂತೆ” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಕತ್ತಲೆ ಎಲ್ಲರ ಮೇಲೆಯೂ ಸಮನಾಗಿ ಬೀಳುವುದಿಲ್ಲ. ಅವಳು ಸ್ಯಾಂಕಿ ಕೆರೆಯ ದಾರಿಯನ್ನು ಬಿಟ್ಟು, ಎಂಟನೆಯ ಅಡ್ಡರಸ್ತೆಯಿಂದ ಸಂಪಿಗೆ ರಸ್ತೆಗೆ, ಅಲ್ಲಿಂದ ಕಾಡು ಮಲ್ಲೇಶ್ವರನ ಗುಡಿಗೆ, ನೆರೆಮನೆಯ ಇಬ್ಬರು ಹೆಂಗಸರೊಡನೆ ನಡೆಯುತ್ತಾಳೆ. ಹೂವಿನವರು, ಹಣ್ಣಿನವರು, ದರ್ಜಿ, ಔಷಧದ ಅಂಗಡಿಯವನು, ಇವರೆಲ್ಲರ ಕಣ್ಣುಗಳು ಆ ದಾರಿಯನ್ನು ಕಾಯುತ್ತವೆ. ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿ ನಗರಗಳನ್ನು ಕುರಿತು 1961ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ಇದೇ ತತ್ತ್ವವನ್ನು ಪ್ರತಿಪಾದಿಸಿದ್ದಾಳೆ: ಬೀದಿಯನ್ನು ಕಾಪಾಡುವವರು ಪೋಲೀಸಿನವರಿಗಿಂತ ಹೆಚ್ಚಾಗಿ, ಅದನ್ನು ನೋಡುತ್ತಿರುವ ಸಾಮಾನ್ಯ ಜನರು. ಇದರ ಇನ್ನೊಂದು ಮುಖವನ್ನೂ ನಾವು ಮರೆಯಬಾರದು. ಕತ್ತಲಾಯಿತೆಂದು ಒಬ್ಬರು ಮನೆಯಲ್ಲಿ ಉಳಿದರೆ, ಬೀದಿಗೆ ಎರಡು ಕಣ್ಣು ಕಡಮೆಯಾದವು. ಅದನ್ನು ಕಂಡು ಇನ್ನೊಬ್ಬರು ಉಳಿಯುತ್ತಾರೆ. ನಡೆಯುವವರು ತಮ್ಮ ಆರೋಗ್ಯಕ್ಕಾಗಿ ಮಾತ್ರ ನಡೆಯುವುದಿಲ್ಲ. ಬೇರೆಯವರ ಧೈರ್ಯಕ್ಕಾಗಿಯೂ ನಡೆಯುತ್ತಾರೆ.

ಕತ್ತಲೆಗಾಲಕ್ಕೆ ಅದರದೇ ಆದ ಲಾಭಗಳೂ ಉಂಟು. ಶುಕ್ಲಪಕ್ಷದ ಸಂಜೆಗಳಲ್ಲಿ ಚಂದ್ರನು ನಾವು ಹೊರಡುವ ಹೊತ್ತಿಗೆ ಆಕಾಶದಲ್ಲಿರುತ್ತಾನೆ. ಸೀಗೆ ಹುಣ್ಣಿಮೆಯಂದೂ ಗೌರಿ ಹುಣ್ಣಿಮೆಯಂದೂ ಸೂರ್ಯ ಮುಳುಗುವ ವೇಳೆಗೇ ಮೂಡುತ್ತಾನೆ. ಇದೇ ತಿಂಗಳುಗಳಲ್ಲಿ ಆಕಾಶಮಲ್ಲಿಗೆಯ ಮರಗಳು ರಾತ್ರಿ ಅರಳಿ, ಕೊಳವೆಯಂಥ ಬಿಳಿಯ ಹೂಗಳನ್ನು ದಾರಿಯ ಮೇಲೆ ಚೆಲ್ಲುತ್ತವೆ. ಮಳೆ ನಿಂತ ಮೇಲಿನ ಗಾಳಿಯಲ್ಲಿ ಆ ಕಂಪು ಹಗಲಿನ ವಿಹಾರಿಗಳಿಗೆ ದೊರೆಯುವಂಥದಲ್ಲ. ನಮ್ಮ ಹಿರಿಯರು ಕಾರ್ತಿಕಮಾಸವನ್ನು ದೀಪಗಳ ಮಾಸವೆಂದು ಕರೆದು, ಮನೆಯ ಹೊಸಲಿನಲ್ಲಿಯೂ ಗುಡಿಯ ಅಂಗಳದಲ್ಲಿಯೂ ದೀಪವಿಡುವ ಪದ್ಧತಿಯನ್ನು ಇಟ್ಟುಕೊಂಡರು. ದೀಪ ನೋಡಲು ಗುಡಿಗೆ ಹೋಗುವವರು ನಡೆದೇ ಹೋಗಬೇಕಷ್ಟೆ! ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುವುದೂ ಕಾರ್ತಿಕದ ಕೊನೆಯ ಸೋಮವಾರ. ಅಂದು ಸಂಜೆ ಬಸವನ ಗುಡಿಯ ರಸ್ತೆಯಲ್ಲಿ ಕತ್ತಲೆಯ ಯೋಚನೆಯೇ ಯಾರಿಗೂ ಇರುವುದಿಲ್ಲ.

ಈ ಪರಿಷೆಗೆ ಸಂಬಂಧಿಸಿದ ಒಂದು ಸ್ವಾರಸ್ಯವನ್ನು ಹೇಳಬೇಕು. ವರ್ಷದಲ್ಲಿ ಅತ್ಯಂತ ಕಿರಿದಾದ ಹಗಲು ಡಿಸೆಂಬರ್ 21ರ ಸುಮಾರಿಗೆ ಬರುತ್ತದೆಯಾದರೂ, ಅತ್ಯಂತ ಬೇಗ ಸೂರ್ಯಾಸ್ತವಾಗುವುದು ಅಂದಲ್ಲ. ಭೂಮಿಯ ಅಕ್ಷ ಓರೆಯಾಗಿರುವುದರಿಂದಲೂ ಅದರ ಕಕ್ಷೆ ಪೂರ್ಣ ವೃತ್ತವಲ್ಲದಿರುವುದರಿಂದಲೂ ಸೂರ್ಯನ ವೇಳೆಗೂ ನಮ್ಮ ಗಡಿಯಾರದ ವೇಳೆಗೂ ವ್ಯತ್ಯಾಸ ಬೀಳುತ್ತಿರುತ್ತದೆ. ಅದರ ಫಲವಾಗಿ ಬೆಂಗಳೂರಿನಲ್ಲಿ ಅತ್ಯಂತ ಬೇಗನೆಯ ಸೂರ್ಯಾಸ್ತ ನವೆಂಬರ್ ಮೂರನೆಯ ವಾರಕ್ಕೇ ಬಂದುಹೋಗುತ್ತದೆ. ಪರಿಷೆ ಸಾಮಾನ್ಯವಾಗಿ ಬೀಳುವುದು ನವೆಂಬರಿನ ಉತ್ತರಾರ್ಧದಲ್ಲಿ ಅಥವಾ ಡಿಸೆಂಬರಿನ ಮೊದಲ ದಿನಗಳಲ್ಲಿ. ಎಂದರೆ ಹುರಿದ ಕಡಲೆಕಾಯಿಯ ಪೊಟ್ಟಣ ಹಿಡಿದು ನಾವು ಮನೆಗೆ ಬರುವ ವೇಳೆಗೆ ಕತ್ತಲೆಯ ಕೈ ಹೆಚ್ಚು ಕಡಮೆ ಸೋತಿರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸಂಜೆ 20 ನಿಮಿಷಕ್ಕೂ ಮೇಲ್ಪಟ್ಟು ಹಿಂದಕ್ಕೆ ಸರಿದಿರುತ್ತದೆ. ಆದುದರಿಂದ ಕಷ್ಟಕಾಲ ಕೊನೆಯಿಲ್ಲದ್ದಲ್ಲ. ನವರಾತ್ರಿಯಿಂದ ಪರಿಷೆಯವರೆಗೆ ಹಿಡಿದು ನಿಂತರೆ ಸಾಕು.

ಮೇಷ್ಟರ ಮಾತನ್ನು ಮುಗಿಸಿ ನಾನೂ ಮುಗಿಸುತ್ತೇನೆ. ಆ ಸಂಕ್ರಾಂತಿ ಕಳೆದ ಮೇಲೆ ನಮ್ಮ ಬೀದಿಯ ಮೂವರು ಸರದಿಯ ಮೇಲೆ ದಿನವೂ ಆರೂಕಾಲಿಗೆ ಅವರ ಬಾಗಿಲು ತಟ್ಟತೊಡಗಿದೆವು. ಮೊದಲ ವಾರ ಗೇಟಿನವರೆಗೆ, ಎರಡನೆಯ ವಾರ ಬೀದಿಯ ತಿರುವಿನವರೆಗೆ. ಬಂಡೆಯ ಬಳಿಯ ಬೆಂಚನ್ನು ಅವರು ಮತ್ತೆ ಮುಟ್ಟಿದ್ದು ಯುಗಾದಿ ಕಳೆದ ಮೇಲೆ. ಮೊದಲಿನಷ್ಟು ದೂರ ಈಗ ಅವರಿಂದಾಗದು. ಗಾಂಧಿಬಜಾರಿನ ಹೂವನ್ನು ನಾವೇ ತಂದುಕೊಡುತ್ತೇವೆ. ನಾನು ಬಿಟ್ಟ ಮೂರು ತಿಂಗಳ ಬೆಲೆ ಅದು. ಅದನ್ನು ತೆತ್ತವರು ಮಾತ್ರ ಅವರು.

ಮರುವರ್ಷದ ಆಶ್ವಯುಜದಲ್ಲಿ ಒಂದು ಸಂಜೆ ಮಳೆ ಆಗತಾನೆ ನಿಂತಿತ್ತು. ಬೀದಿಯ ದೀಪವೂ ಹೋಗಿತ್ತು. ನಾನು ಬಾಗಿಲು ತಟ್ಟಿದಾಗ ಮೇಷ್ಟರು, “ಏನಪ್ಪಾ, ಇಷ್ಟು ಕತ್ತಲಾಗಿದೆಯಲ್ಲ?” ಎಂದರು. “ಕತ್ತಲಾಗಿರುವುದರಿಂದಲೇ ಬಂದೆ, ಮೇಷ್ಟರೆ” ಎಂದೆ. ಅವರು ಕೋಲನ್ನು ತೆಗೆದುಕೊಂಡರು.

ನಿಮ್ಮ ಬೀದಿಯಲ್ಲಿಯೂ ಅಂಥ ಒಂದು ಬಾಗಿಲು ಇರಬಹುದು.